ಲಿಂಕಿನ ಮುಯ್ಯಿ

ಒಂದೇ ಮೇಜಿನ ಎರಡು ಬದಿಗೆ ಕೂತು, ಒಂದೇ ಸಾಲನ್ನು ಇಬ್ಬರೂ ನಮ್ಮ ನಮ್ಮ ಫೋನಿನಲ್ಲಿ ಹುಡುಕಿದೆವು: ‘ವಜ್ರದ ಘಂಟಿ ರಿಪೇರಿ, ಸೂರತ್’. ನನ್ನ ಫೋನಿನಲ್ಲಿ ನಮ್ಮ ಗಿರಾಕಿಯ ವೆಬ್‌ಸೈಟು ಮೊದಲ ಪುಟದ ಮೇಲ್ಭಾಗದಲ್ಲೇ ಇತ್ತು. ಎದುರಿಗಿದ್ದ ಕಚೇರಿಯ ಒಡತಿಯ ಫೋನಿನಲ್ಲಿ ಪುಟದ ಮೇಲೆ ಪುಟ ಸರಿಸಿದರೂ ಅದರ ಸುಳಿವಿರಲಿಲ್ಲ.

“ಮೌಶಿ, ನಿಮ್ಮ ಫೋನಿಗೆ ಅವನ ಮ್ಯಾಲೆ ಭಾಳ ಪ್ರೀತಿ ಐತಿ ನೋಡ್ರಿ,” ಅಂದಳು ಆಕೆ.

ನನಗೆ ನಗು ಬರಲಿಲ್ಲ. ನಾನು ಹವಾಮಾನ ಇಲಾಖೆಯಲ್ಲಿ ವೀಕ್ಷಕಿಯಾಗಿದ್ದವಳು. ಒಂದೇ ಅಂಗಳದಲ್ಲಿ ಅಕ್ಕಪಕ್ಕ ಇಟ್ಟ ಎರಡು ಉಷ್ಣಮಾಪಕಗಳು ಬೇರೆ ಬೇರೆ ಅಂಕಿ ತೋರಿಸಿದರೆ ಎರಡರಲ್ಲೊಂದು ಕೆಟ್ಟಿದೆ ಎಂದೇ ಅರ್ಥ. ಇಲ್ಲಿ ಎರಡು ಫೋನುಗಳೂ ಸರಿಯಾಗಿದ್ದವು. ಹಾಗಾದರೆ ಬೆಳಿಗ್ಗೆ ಸೂರತ್‌ನಿಂದ ಕರೆ ಮಾಡಿ “ಮಾಸಿ, ನಾನು ಕಾಣೆಯಾಗಿದ್ದೇನೆ” ಎಂದ ಮನುಷ್ಯನಿಗೆ ಏನೆಂದು ಉತ್ತರ ಕೊಡಲಿ?

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲೇ ಆಕೆಯ ಕಚೇರಿ. ಹುಬ್ಬಳ್ಳಿಯ ಹೆಣ್ಣುಮಗಳು, ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದವಳು. ಸಣ್ಣ ಕಾರ್ಖಾನೆಗಳ, ಅಂಗಡಿಗಳ ವೆಬ್‌ಸೈಟು ಸರ್ಚ್‌ನಲ್ಲಿ ಸಿಗುವ ಹಾಗೆ ಸಲಹೆ ಕೊಡುವುದು ಆಕೆಯ ಉದ್ಯೋಗ. ನಾನು ನಿವೃತ್ತಳಾದ ಮೇಲೆ, “ನೀವು ಬರ್ರಿ ಮೌಶಿ, ನನಗ ದಿನಾ ತಪ್ಪದ ನೋಡೋರು ಬೇಕಾಗ್ಯಾರ. ನಮ್ಮ ಹುಡುಗೂರು ಸೋಮವಾರ ನೋಡಿದ್ದನ್ನ ಶುಕ್ರವಾರದವರೆಗೆ ಹಂಗ ಬರಿತಾರ,” ಎಂದು ಕರೆದಳು. ಪ್ರತಿ ಗಿರಾಕಿಯ ವೆಬ್‌ಸೈಟನ್ನು ದಿನವೂ ಒಂದೇ ಹೊತ್ತಿಗೆ ತೆರೆದು, ಅದು ಎಷ್ಟನೆಯ ಜಾಗದಲ್ಲಿದೆ, ಏನಾದರೂ ಬದಲಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ನನಗೆ ಒಗ್ಗಿದ ಕೆಲಸವೇ.

ಎರಡು ಫೋನುಗಳ ಗುಟ್ಟನ್ನು ಆಕೆಯೇ ಬಿಡಿಸಿದಳು. ದಿನವೂ ನಾನು ಆತನ ಪುಟ ತೆರೆಯುತ್ತಿದ್ದೆನಲ್ಲ, ಅದನ್ನು ನನ್ನ ಫೋನು ನೆನಪಿಟ್ಟುಕೊಂಡಿತ್ತು. ನನಗೆ ಇಷ್ಟವಾದದ್ದು ಇದೇ ಇರಬೇಕು ಎಂದು ತಿಳಿದು ಅದನ್ನೇ ಎತ್ತಿ ಎತ್ತಿ ಮುಂದಿಡುತ್ತಿತ್ತು. ಉಷ್ಣಮಾಪಕವನ್ನು ಬಿಸಿಲಿನಲ್ಲಿಟ್ಟು ಊರಿನ ಸೆಕೆ ಬರೆದ ಹಾಗಾಗಿತ್ತು ನನ್ನ ಕೆಲಸ. ಹಿಂದಿನ ನೆನಪು ಉಳಿಸದ ಕಿಟಕಿಯಲ್ಲಿ ಹುಡುಕಿದಾಗ ಗಿರಾಕಿ ನಿಜವಾಗಿಯೂ ಎಲ್ಲೂ ಇರಲಿಲ್ಲ. ಎಂದಿನಿಂದ ಇರಲಿಲ್ಲವೋ ಹೇಳುವುದಕ್ಕೆ ನನ್ನಲ್ಲಿ ಒಂದೂ ನಂಬುವಂಥ ದಾಖಲೆಯಿರಲಿಲ್ಲ.

ಗಿರಾಕಿ ಸೂರತ್‌ನ ವರಾಛಾ ಬಡಾವಣೆಯವನು. ವಜ್ರ ಉಜ್ಜುವ ಯಂತ್ರಕ್ಕೆ ಅಲ್ಲಿ ಘಂಟಿ ಎನ್ನುತ್ತಾರೆ, ಅದರ ಮೇಲೆ ಎರಕದ ಕಬ್ಬಿಣದ ಚಕ್ರವೊಂದು ತಿರುಗುತ್ತದೆ. ಅದು ಸ್ವಲ್ಪ ನಡುಗಿದರೂ ಹರಳಿನ ಮೇಲೆ ಗೆರೆ ಬೀಳುತ್ತದೆ. ಆ ಚಕ್ರಗಳನ್ನು ಸಮ ಮಾಡಿ ಕೊಡುವುದು ಆತನ ಕಸುಬು. ತಾನೂ ಮೊದಲು ಬೇರೆಯವರ ಕಾರ್ಖಾನೆಯಲ್ಲಿ ಘಂಟಿಯ ಮುಂದೆ ಕೂತವನೇ. ಈಗ ಕಾಕಾನ, ಅಂದರೆ ಚಿಕ್ಕಪ್ಪನ, ಕೋಣೆಯಲ್ಲಿ ಸ್ವಂತ ಕೆಲಸ. ದೀಪಾವಳಿಗೆ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದಾಗ ಮಾಲೀಕರು ಚಕ್ರಗಳನ್ನು ರಿಪೇರಿಗೆ ಕಳಿಸುತ್ತಾರೆ. ವರ್ಷದ ಕೆಲಸವೆಂದರೆ ಅದೇ.

“ಕಾಕಾ ಸಾಫ್ ಹೇಳಿದ್ದಾರೆ ಮಾಸಿ,” ಅಂದ ಆತ ಫೋನಿನಲ್ಲಿ. “ಈ ದಿವಾಳಿಗೆ ಕೋಣೆ ತುಂಬ ಕೆಲಸ ಬಂದರೆ ಕೋಣೆ ನಂದು. ಬರಲಿಲ್ಲ ಅಂದ್ರೆ ಅವರ ಮಗನ ಎಂಬ್ರಾಯ್ಡರಿ ಮಷಿನ್ ಒಳಗೆ ಬರತ್ತೆ, ನಾನು ಮತ್ತೆ ಇನ್ನೊಬ್ಬರ ಘಂಟಿ ಮುಂದೆ ಕೂರಬೇಕು. ಕೂರಬಹುದು, ನಾಚಿಕೆ ಏನಿಲ್ಲ. ಆದ್ರೆ ಬೆನ್ನು ಕೇಳಲ್ಲ.”

ಮಳೆಗಾಲ ಮುಗಿಯುತ್ತ ಬಂದಿತ್ತು. ನಾವು ಕೆಲಸ ಶುರು ಮಾಡಿದೆವು.

ಮೊದಲು ಪುಟವನ್ನೇ ಪರೀಕ್ಷಿಸಿದೆವು. ಹಿಂದೆ ಯಾರೋ ಸಲಹೆಗಾರ ‘ಉತ್ತಮ ಘಂಟಿ ರಿಪೇರಿ, ಅತ್ಯುತ್ತಮ ಘಂಟಿ ರಿಪೇರಿ, ಸೂರತ್ ಘಂಟಿ ರಿಪೇರಿ’ ಎಂದು ಪುಟದ ತಳದಲ್ಲಿ ಬಿಳಿ ಹಿನ್ನೆಲೆಗೆ ಬಿಳಿ ಅಕ್ಷರದಲ್ಲಿ ತುಂಬಿಟ್ಟಿದ್ದ. ಓದುವವರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ ಎಂಬ ಹಳೆಯ ಜಾಣತನ. ಒಡತಿ ಅದನ್ನು ನೋಡಿ ಹಣೆ ಬಡಿದುಕೊಂಡಳು. “ಸಿಕ್ತ್ರಿ ಮೌಶಿ, ಇದ ರೋಗ,” ಅಂದಳು. ತೆಗೆದುಹಾಕಿದೆವು. ಒಂದು ವಾರ ಕಾದೆವು. ಏನೂ ಆಗಲಿಲ್ಲ. ಶೀರ್ಷಿಕೆಗಳನ್ನು ತಿದ್ದಿದೆವು, ಭಾರದ ಚಿತ್ರಗಳನ್ನು ಹಗುರ ಮಾಡಿದೆವು. ಆಗಲೂ ಏನೂ ಆಗಲಿಲ್ಲ. ಆಕೆ ಒಂದೇ ದಿನದಲ್ಲಿ ನಾಲ್ಕಾರು ಬದಲಾವಣೆ ಮಾಡುತ್ತಿದ್ದಳು. ಹೀಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ. “ಏನರ ಆದ್ರ ಅಲ್ಲ ಮೌಶಿ, ಯಾವುದ್ರಿಂದ ಅಂತ ಕೇಳೋದು?” ಅನ್ನುತ್ತಿದ್ದಳು ಆಕೆ.

ಸರ್ಚ್ ನಡೆಸುವ ಕಂಪನಿಯು ವೆಬ್‌ಸೈಟಿನ ಮಾಲೀಕರಿಗೆಂದೇ ಒಂದು ತಪಾಸಣಾ ಪುಟ ಕೊಡುತ್ತದೆ. ನಿಮ್ಮಲ್ಲಿ ತಪ್ಪು ಕಂಡರೆ ಅದರಲ್ಲಿ ಬರೆದಿರುತ್ತಾರೆ. ಆದರೆ ಅದನ್ನು ತೆರೆಯಬೇಕಾದರೆ ಮಾಲೀಕ ನಾನೇ ಎಂದು ಸಾಬೀತು ಮಾಡಬೇಕು. ಅವರು ಕೊಟ್ಟ ಪುಟ್ಟ ಫೈಲೊಂದನ್ನು ನಮ್ಮ ಸರ್ವರಿನಲ್ಲಿ ಇಟ್ಟು ತೋರಿಸಬೇಕು. ಪುಟದ ಬರಹ ತಿದ್ದುವ ಪಾಸ್‌ವರ್ಡ್ ಮಾತ್ರ ನಮಗೆ ಸಿಕ್ಕಿತ್ತು, ಸರ್ವರಿನ ಕೀಲಿಕೈ ನಮ್ಮ ಗಿರಾಕಿಯ ಹತ್ತಿರವೂ ಇರಲಿಲ್ಲ. ಕಾಕಾನ ಸೋದರಳಿಯನೊಬ್ಬ ವಡೋದರಾದ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾನೆ, ಎಲ್ಲ ಅವನ ಕೈಯಲ್ಲೇ ಎಂದ. ಸೋದರಳಿಯ ಫೋನ್ ಎತ್ತುತ್ತಿರಲಿಲ್ಲ. ನವರಾತ್ರಿ, ಮಕ್ಕಳು ಗರ್ಬಾಕ್ಕೆ, ಲ್ಯಾಬಿಗೆ ರಜೆ. ಒಂದೂವರೆ ವಾರ ಹೀಗೇ ಕಳೆಯಿತು. ಕೊನೆಗೊಮ್ಮೆ ಆತ ಫೈಲು ಇಟ್ಟ. ತಪಾಸಣಾ ಪುಟ ತೆರೆಯಿತು.

ಅಲ್ಲಿ ನೋಟಿಸು ಕಾದಿತ್ತು. ಯಂತ್ರ ಕೊಟ್ಟದ್ದಲ್ಲ, ಮನುಷ್ಯರೊಬ್ಬರು ಕೂತು ನೋಡಿ ಕೊಟ್ಟ ದಂಡನೆ. ಈ ವೆಬ್‌ಸೈಟಿನ ಕಡೆಗೆ ಅಸಹಜವಾದ ಲಿಂಕುಗಳಿವೆ, ಸ್ಥಾನ ಹೆಚ್ಚಿಸಿಕೊಳ್ಳುವುದಕ್ಕಾಗಿ ಕಟ್ಟಿದ ಜಾಲದಂತೆ ಕಾಣುತ್ತದೆ ಎಂಬುದು ಅದರ ತಾತ್ಪರ್ಯ.

ಲಿಂಕು ಎಂದರೆ ಇನ್ನೊಬ್ಬರ ಪುಟದಿಂದ ನಿಮ್ಮ ಪುಟಕ್ಕೆ ತೋರುಬೆರಳು. ಹೆಚ್ಚು ಜನ ಬೆರಳು ತೋರಿಸಿದಷ್ಟೂ ಇವನು ಒಳ್ಳೆಯವನಿರಬೇಕು ಎಂದು ಯಂತ್ರ ಎಣಿಸುತ್ತದೆ. ಅದಕ್ಕೇ ಬೆರಳುಗಳನ್ನು ಕೊಳ್ಳುವವರು, ಮಾರುವವರು ಹುಟ್ಟಿಕೊಂಡಿದ್ದಾರೆ. ನಮ್ಮ ಗಿರಾಕಿಗೆ ಬೆರಳು ತೋರಿಸಿದವರ ಪಟ್ಟಿ ತೆಗೆದು ನೋಡಿದೆವು. ಸೀರೆ ಅಂಗಡಿ. ಮದುವೆ ಅಡುಗೆ ಕಂಟ್ರಾಕ್ಟರ್. ಫರಸಾಣದ, ಅಂದರೆ ಖಾರದ ತಿಂಡಿಯ, ಅಂಗಡಿ. ಟೈಲ್ಸ್ ಮಾರುವವರು. ಮಕ್ಕಳ ಡಾಕ್ಟರು. ಟ್ರಾವೆಲ್ಸ್. ಒಬ್ಬರಿಗೂ ಘಂಟಿಗೂ ಸಂಬಂಧವಿಲ್ಲ. ಎಲ್ಲ ಪುಟಗಳ ಒಂದೇ ಮೂಲೆಯಲ್ಲಿ, ಒಂದೇ ಗಾತ್ರದಲ್ಲಿ, ಅಕ್ಷರ ಬದಲಿಲ್ಲದ ಒಂದೇ ವಾಕ್ಯ: ‘ಸೂರತ್‌ನ ಅತ್ಯುತ್ತಮ ಘಂಟಿ ರಿಪೇರಿ ಇಲ್ಲಿದೆ’. ಎಲ್ಲವೂ ವಡೋದರಾದ ಸೋದರಳಿಯ ನೋಡಿಕೊಳ್ಳುವ ಅದೇ ಸರ್ವರಿನಲ್ಲಿ.

“ದುಡ್ಡು ಕೊಟ್ಟು ಹಾಕ್ಸ್ಯಾನ,” ಅಂದಳು ಒಡತಿ.

ನನಗೂ ಹಾಗೇ ಅನ್ನಿಸಿತು. ಫೋನ್ ಮಾಡಿ ನೇರವಾಗಿ ಕೇಳಿದೆ. ಆತ ಮಗಳ ಮೇಲೆ ಆಣೆ ಇಟ್ಟ. “ಒಂದು ಪೈಸೆ ಕೊಟ್ಟಿಲ್ಲ ಮಾಸಿ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರೇ ಕೊಟ್ಟಿದ್ದು.”

“ಸುಮ್ಮನೆ ಯಾಕೆ ಕೊಡುತ್ತಾರೆ?”

“ಸುಮ್ಮನೆ ಅಲ್ಲ... ಕೊಡಬೇಕಲ್ಲ?” ಎಂದ ಆತ, ನಾನು ಕೇಳಬಾರದ್ದು ಕೇಳಿದ ಹಾಗೆ.

ನನಗೆ ತಲೆಬುಡ ತಿಳಿಯಲಿಲ್ಲ. ಒಡತಿಗೆ ತಿಳಿಯುವ ವ್ಯವಧಾನವೂ ಇರಲಿಲ್ಲ. ಅವಳ ಹತ್ತಿರ ಇದಕ್ಕೆ ಸಿದ್ಧ ಔಷಧ ಇತ್ತು. ಬೇಡವಾದ ಲಿಂಕುಗಳ ಪಟ್ಟಿ ಮಾಡಿ ‘ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಕಂಪನಿಗೆ ಕಳಿಸುವುದು. ಜೊತೆಗೊಂದು ವಿನಂತಿ ಪತ್ರ: ಹಿಂದಿನ ಸಲಹೆಗಾರ ನಮಗೆ ಮೋಸ ಮಾಡಿ ಈ ಲಿಂಕುಗಳನ್ನು ಕೊಂಡುಕೊಂಡ, ನಮಗೆ ಗೊತ್ತಿರಲಿಲ್ಲ, ಕ್ಷಮಿಸಿ. ವಟ್ವಾದ ಬಣ್ಣದ ಕಾರ್ಖಾನೆಯೊಂದಕ್ಕೆ ಇದೇ ಪತ್ರದಿಂದ ಕೆಲಸವಾಗಿತ್ತಂತೆ.

“ಇದು ನಿಜವಾ?” ಎಂದು ಕೇಳಿದೆ.

“ಎಲ್ಲಾರೂ ಹಿಂಗ ಬರಿತಾರ ಮೌಶಿ. ಅವರಿಗೂ ಗೊತ್ತು, ನಮಗೂ ಗೊತ್ತು.”

ದೀಪಾವಳಿ ಹತ್ತಿರ ಬರುತ್ತಿತ್ತು. ನಾನು ವಾದಿಸಲಿಲ್ಲ, ಪತ್ರ ಹೋಯಿತು. ಕೆಲವು ದಿನಗಳ ನಂತರ ತಿರಸ್ಕಾರ ಬಂತು. ಉದಾಹರಣೆಗೆಂದು ಮೂರು ಪುಟಗಳ ವಿಳಾಸ ಕೊಟ್ಟಿದ್ದರು. ಲಿಂಕುಗಳು ಅಲ್ಲೇ ಇವೆ, ತೆಗೆಸುವ ಪ್ರಯತ್ನ ಕಾಣುವುದಿಲ್ಲ ಎಂದಿದ್ದರು. ಮೊದಲನೆಯದೇ ಮದುವೆ ಅಡುಗೆ ಕಂಟ್ರಾಕ್ಟರರ ಪುಟ. ಅದಕ್ಕಿಂತ ನನ್ನನ್ನು ಕುಟುಕಿದ್ದು ಇನ್ನೊಂದು. ನಮ್ಮ ಗಿರಾಕಿಯ ಪುಟದಲ್ಲೇ ‘ನಮ್ಮ ಶುಭಚಿಂತಕರು’ ಎಂಬ ಮೂಲೆಯಿತ್ತು. ಅದರಲ್ಲಿ ಅವರೆಲ್ಲರಿಗೂ ಇವನು ತಿರುಗಿ ಬೆರಳು ತೋರಿಸಿದ್ದ. ಇದನ್ನು ನಾನು ದಿನವೂ ನೋಡಿದ್ದೆ. ಸಂಕ್ರಾಂತಿ ಶುಭಾಶಯದಂಥದ್ದು ಎಂದು ಬಿಟ್ಟಿದ್ದೆ.

ಮರುದಿನ ಬೆಳಗಿನ ರೈಲಿನಲ್ಲಿ ವಡೋದರಾಗೆ ಹೊರಟೆ. ನೋಡದೆ ಬರೆಯುವುದು ನನ್ನಿಂದ ಸಾಧ್ಯವಿಲ್ಲ ಎಂದು ಒಡತಿಗೆ ಹೇಳಿದೆ. “ಹೋಗಿ ಬರ್ರಿ, ಆದ್ರ ಟಿಕೀಟಿನ ಚೀಟಿ ಇಟ್ಕೋರಿ,” ಅಂದಳು.

ಸೋದರಳಿಯ ನಲವತ್ತರ ಹತ್ತಿರದ, ಸಂಕೋಚದ ಮನುಷ್ಯ. ಮನೆಗೆ ಕರೆದು ಕೂರಿಸಿ, ಹೆಂಡತಿಯಿಂದ ಸೇವ್-ಉಸಳ್ ತರಿಸಿಟ್ಟು, ನಾನು ತಿನ್ನುವವರೆಗೂ ಕಂಪ್ಯೂಟರಿನ ಮಾತೇ ಎತ್ತಲಿಲ್ಲ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ, “ಮಾಸಿಗೆ ಮೊಸರು ಕೊಡು!” ಎಂದು ಒಳಗೆ ಕೂಗಿದ. ಆಮೇಲೆ ವಿಷಯಕ್ಕೆ ಬಂದ.

“ನಮ್ಮಲ್ಲಿ ಮದುವೆಗೆ ಚಾಂದಲೋ ಕೊಡ್ತೀವಲ್ಲ ಮಾಸಿ, ಹಾಗೆ. ಅವನ ವೆಬ್‌ಸೈಟ್ ಓಪನಿಂಗ್ ದಿವಾಳಿ ಆದ ಮೇಲಿನ ಲಾಭ ಪಾಂಚಮ್ ದಿನ ಇತ್ತು. ಎಲ್ಲ ನೆಂಟರೂ ಬಂದಿದ್ರು. ವೆಬ್‌ಸೈಟ್‌ಗೆ ದುಡ್ಡಿನ ಕವರ್ ಕೊಟ್ಟರೆ ಏನು ಮಾಡ್ತಾನೆ? ಕಾಕಾ ಹೇಳಿದ್ರು, ನಾವೆಲ್ಲ ಲಿಂಕ್ ಕೊಡೋಣ ಅಂತ. ಯಾರ ವೆಬ್‌ಸೈಟ್ ಶುರುವಾದ್ರೂ ಹೀಗೇ. ಇವನಿಗೆ ಅವರು ಕೊಟ್ರು, ಅವರಿಗೆ ಇವನು ಕೊಡಬೇಕು. ವ್ಯವಹಾರ.”

ಚಾಂದಲೋ ಎಂದರೆ ನಮ್ಮ ಕಡೆಯ ಮುಯ್ಯಿ. ಇವತ್ತು ನನ್ನ ಮನೆಯ ಮದುವೆಗೆ ನೀವು ತಂದದ್ದನ್ನು ನಾಳೆ ನಿಮ್ಮ ಮನೆಯ ಮದುವೆಗೆ ನಾನು ಮರಳಿಸಲೇಬೇಕು. ಮರಳಿಸದವನು ನೆಂಟನಲ್ಲ. ಗುಜರಾತಿನಲ್ಲಿ ಅರ್ಧ ಆಯುಷ್ಯ ಕಳೆದ ನಾನು ಎಷ್ಟೋ ಮದುವೆಗಳಲ್ಲಿ ಇದನ್ನು ಕೊಟ್ಟಿದ್ದೇನೆ. ವೆಬ್‌ಸೈಟಿನ ಮೂಲೆಯಲ್ಲಿ ಅದನ್ನು ಗುರುತಿಸಲಿಲ್ಲ.

“ಎಲ್ಲರದ್ದೂ ಒಂದೇ ವಾಕ್ಯ ಯಾಕೆ?” ಎಂದೆ. “ಒಬ್ಬೊಬ್ಬರು ತಮ್ಮ ಮಾತಿನಲ್ಲಿ ಬರೆದಿದ್ದರೆ ಇಷ್ಟು ಅನುಮಾನ ಬರುತ್ತಿರಲಿಲ್ಲ.”

ಆತ ಗಾಬರಿಯಾದ. “ಅದು ಹೇಗೆ ಮಾಸಿ? ಒಬ್ಬರು ‘ಅತ್ಯುತ್ತಮ’ ಅಂತ ಬರೆದು ಇನ್ನೊಬ್ಬರು ಬರೀ ‘ಉತ್ತಮ’ ಅಂದ್ರೆ ಜಗಳ ಆಗತ್ತೆ. ದೊಡ್ಡ ಫುಈ ಕೇಳ್ತಾರೆ, ನಂದು ಯಾಕೆ ಸಣ್ಣ ಅಕ್ಷರ ಅಂತ. ನಾನೇ ಕೂತು ಎಲ್ಲರಿಗೂ ಒಂದೇ ಅಳತೆ, ಒಂದೇ ಜಾಗ, ಒಂದೇ ಮಾತು ಹಾಕಿದೆ. ಒಬ್ಬರೂ ಬೇಜಾರಾಗಲಿಲ್ಲ. ತುಂಬಾ ಕಷ್ಟಪಟ್ಟಿದ್ದೀನಿ.”

ಒಬ್ಬ ಫುಈಯೂ, ಅಂದರೆ ಸೋದರತ್ತೆಯೂ, ಮುನಿಸಿಕೊಳ್ಳಬಾರದೆಂದು ಆತ ಪಟ್ಟ ಶ್ರಮ ಎಲ್ಲೋ ದೂರದಲ್ಲಿ ಕೂತ ಪರೀಕ್ಷಕರಿಗೆ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಮೋಸದ ಹಾಗೆ ಕಂಡಿತ್ತು. ನನಗೆ ನಿಜಕ್ಕೂ ಗೊಂದಲ ಶುರುವಾದದ್ದು ಇಲ್ಲಿಂದ. ಕೊಂಡ ಲಿಂಕಾಗಿದ್ದರೆ ಕಿತ್ತೊಗೆಯಬಹುದಿತ್ತು. ಇದು ಕೊಂಡದ್ದಲ್ಲ. ಆದರೆ ಪುಕ್ಕಟೆಯೂ ಅಲ್ಲ, ಸಾಲದ ಹಾಗೆ ತಿರುಗಿ ಕೊಡಲೇಬೇಕಾದದ್ದು. ನಂಬಿಕೆಯ ಮಾತೇನೋ ಹೌದು, ಅನುಭವದ ಮಾತಲ್ಲ. ಸ್ಪಾಮ್ ಎಂದರೆ ಯಾವುದು, ಯಾವುದಲ್ಲ ಎಂದು ಒಡತಿ ನನಗೆ ಮೊದಲ ದಿನವೇ ಎರಡು ಸಾಲಿನಲ್ಲಿ ಬರೆಸಿದ್ದಳು. ಇದು ಎರಡರಲ್ಲೂ ಕೂರಲಿಲ್ಲ.

ರೈಲ್ವೆ ಸ್ಟೇಷನ್ನಿಂದ ಆಕೆಗೆ ಫೋನ್ ಮಾಡಿದೆ.

“ಅಯ್ಯ, ಆಯೇರಿ ಏನ್ರಿ ಇದು!” ಎಂದು ಆಕೆ ಜೋರಾಗಿ ನಕ್ಕಳು. ಮುಯ್ಯಿಗೆ ಹುಬ್ಬಳ್ಳಿ ಕಡೆ ಆಯೇರಿ ಎನ್ನುತ್ತಾರೆ. “ಈಗ ತೆಗಸ್ರಿ ಅಂದ್ರ ಆಯೇರಿ ವಾಪಸ್ ಕೊಟ್ಟಂಗ ಆಗತೇತಿ. ಮಾರಿ ಮ್ಯಾಲೆ ಒಗದಂಗ. ಹೆಂಗ ಮಾಡೋದು ಮೌಶಿ?”

ದಾರಿ ಆಕೆಯೇ ಹೇಳಿದಳು. ಲಿಂಕು ತೆಗೆಯಬೇಕೆಂದೇನೂ ಇಲ್ಲ. ಅದರ ಹಿಂದೆ, ಓದುವವರಿಗೆ ಕಾಣದ ಹಾಗೆ, ‘ಇದನ್ನು ಎಣಿಸಬೇಡ’ ಎಂಬ ಗುರುತು ಹಾಕಬಹುದು. ನೋಡುವವರಿಗೆ ಲಿಂಕು ಇದ್ದ ಹಾಗೇ ಇರುತ್ತದೆ, ಒತ್ತಿದರೆ ಪುಟವೂ ತೆರೆಯುತ್ತದೆ. ಯಂತ್ರ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. “ಆ ಸೋದರಳಿಯನ ಕಡೆ ಕೀಲಿ ಐತಲ್ಲ, ಒಂದ್ ತಾಸಿನ್ಯಾಗ ಎಲ್ಲಾದಕ್ಕೂ ಹಾಕತಾನ. ಯಾರಿಗೂ ಗೊತ್ತಾಗೂದಿಲ್ಲ. ಕಾಕಾಗೂ ಇಲ್ಲ.”

ಗಿರಾಕಿಯನ್ನು ಕೇಳಿದೆ. ಆತ ತಕ್ಷಣ ಒಪ್ಪಿದ. “ಗುಪ್‌ಚುಪ್ ಮಾಡಿಬಿಡಿ ಮಾಸಿ. ಕಾಕಾಗೆ ಹೇಳೋದು ಬೇಡವೇ ಬೇಡ.”

ಪ್ಲಾಟ್‌ಫಾರಂನಲ್ಲಿ ಸುಮಾರು ಹೊತ್ತು ಕೂತೆ. ಅಹಮದಾಬಾದಿಗೆ ವಾಪಸಾದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಆದರೆ ವಿನಂತಿ ಪತ್ರ ಬರೆಯಬೇಕಾದವಳು ನಾನು. ಅದರಲ್ಲಿ ‘ಲಿಂಕು ಕೊಟ್ಟವರಿಗೆ ವಿಷಯ ತಿಳಿಸಿದ್ದೇವೆ’ ಎಂದು ಬರೆಯಬೇಕು, ಇಲ್ಲವೇ ‘ತಿಳಿಸದೆ ಅವರ ಪುಟಗಳನ್ನು ತಿದ್ದಿದ್ದೇವೆ’ ಎಂದು ಬರೆಯಬೇಕು. ಎರಡನೆಯದನ್ನು ಬರೆಯಲು ಧೈರ್ಯವಿಲ್ಲ, ಮೊದಲನೆಯದು ಸುಳ್ಳು. ವೀಕ್ಷಣೆ ತಪ್ಪಿದರೆ ದಾಖಲೆ ಪಟ್ಟಿಯ ಆ ಮನೆಯನ್ನು ಖಾಲಿ ಬಿಡಬೇಕು, ಅಂದಾಜಿನ ಅಂಕಿ ತುಂಬಬಾರದು ಎಂದು ನನಗೆ ಕಲಿಸಿದ್ದರು. ಇದು ಸರಿ ಎಂಬ ಖಾತರಿಯಿಂದ ಹೊರಟೆ ಎಂದು ಹೇಳಲಾರೆ. ಬೇರೆ ರೀತಿ ಮಾಡಿ ಅಭ್ಯಾಸವಿರಲಿಲ್ಲ, ಅಷ್ಟೆ. ಸೂರತ್ ಕಡೆಯ ಗಾಡಿ ಹತ್ತಿದೆ.

ವರಾಛಾದ ಗಲ್ಲಿಯಲ್ಲಿ ಕಟ್ಟಡಗಳ ಎಲ್ಲ ಮಹಡಿಗಳಿಂದಲೂ ಚಕ್ರಗಳ ಗುಂಯ್ ಸದ್ದು ಬರುತ್ತಿತ್ತು. ಗಿರಾಕಿಯ ಕೋಣೆ ನೆಲ ಮಹಡಿಯಲ್ಲಿ. ಕಪ್ಪು ಗ್ರೀಸು ಮೆತ್ತಿದ ಬೆಂಚು, ಗೋಡೆಗೆ ಒರಗಿಸಿದ ಚಕ್ರಗಳು, ಅವುಗಳಲ್ಲಿ ಬಹುಪಾಲು ರಿಪೇರಿಗೆ ಬಂದವಲ್ಲ, ಅವನವೇ. ಕಾಕಾಗೆ ಹೇಳಿಯೇ ಗುರುತು ಹಾಕಿಸಬೇಕೆಂದು ಬಂದಿದ್ದೇನೆ ಎಂದಾಗ ಆತ ಕೈಯಲ್ಲಿದ್ದ ಚಕ್ರ ಕೆಳಗಿಟ್ಟ. “ಮಾಸಿ, ನೀವು ನನ್ನ ಕೋಣೆ ಉಳಿಸೋಕೆ ಬಂದ್ರಾ, ಖಾಲಿ ಮಾಡಿಸೋಕೆ ಬಂದ್ರಾ?”

ನನಗೂ ಗೊತ್ತಿಲ್ಲ ಎಂದೆ. ನಿಜವನ್ನೇ ಹೇಳಿದೆ.

ಕಾಕಾ ಬಂದರು. ಮದುವೆ ಅಡುಗೆಯ ಕಂಟ್ರಾಕ್ಟರ್ ಅವರೇ. ತುಂಬು ಮೈ, ಬಿಳಿ ಸಫಾರಿ, ಕೈಯಲ್ಲಿ ಎರಡು ಫೋನು. ನನ್ನ ಮಾತನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಬೆನ್, ಮತ್ತೊಮ್ಮೆ ಹೇಳಿ,” ಎಂದರು. “ನಾನು ಕೊಟ್ಟದ್ದು ಎಲ್ಲರಿಗೂ ಕಾಣತ್ತೆ?”

“ಕಾಣುತ್ತದೆ.”

“ಆದ್ರೆ ಲೆಕ್ಕಕ್ಕಿಲ್ಲ?”

“ಲೆಕ್ಕಕ್ಕಿಲ್ಲ.”

“ಹಾಗಂದ್ರೆ ನಾನು ಕೊಟ್ಟಿದ್ದು ಏನು? ಖಾಲಿ ಕವರಾ?” ದನಿ ಏರಿತು. “ನಾಲ್ಕು ಜನರ ಎದುರು ಕೊಟ್ಟಿದ್ದೀನಿ ಬೆನ್. ಇವನು ನನ್ನ ಅಣ್ಣನ ಮಗ. ಇವನು ಒಳ್ಳೆ ಕೆಲಸಗಾರ ಅಂತ ನಾನು ಹೇಳೋದು ಸುಳ್ಳಾ?”

ಗಿರಾಕಿ ನೆಲ ನೋಡುತ್ತಿದ್ದ. ನಾನು ತೋಚಿದ್ದನ್ನು ಕೇಳಿದೆ. “ಭಾಯ್, ಸೂರತ್‌ನಲ್ಲಿ ಚಕ್ರ ರಿಪೇರಿಗೆ ಯಾರು ಒಳ್ಳೆಯವರು ಅಂತ ಯಾರಾದರೂ ಕೇಳಿದರೆ?”

“ಇವನೇ.”

“ಇವನ ನಂತರ?”

ಕಾಕಾ ಕಣ್ಣು ತೆರೆದರು. “ಇವನ ನಂತರ ಯಾರಿದ್ದಾರೋ ನನಗೇನು ಗೊತ್ತು? ನಾನು ಮದುವೆಗೆ ಊಂಧಿಯು ಪಲ್ಯ ಮಾಡೋನು. ಚಕ್ರ ತಗೊಂಡು ನಾನೇನು ರೊಟ್ಟಿ ಲಟ್ಟಿಸಲಾ?”

“ಆ ಸರ್ಚ್ ಕಂಪನಿಯಲ್ಲಿ ಕೂತವರೂ ಅದನ್ನೇ ಕೇಳುತ್ತಿದ್ದಾರೆ. ನಿಮ್ಮ ಮಾತು ಸುಳ್ಳೆಂದಲ್ಲ. ನೆಂಟರ ಸಾಕ್ಷಿ ಎಂದು.”

ಚಹಾ ಬಂತು, ಕಾಕಾ ತಟ್ಟೆಗೆ ಸುರಿದುಕೊಂಡು ಕುಡಿದರು. ಈ ಮಾತು ನಾಟಿತು ಎಂದು ನಾನು ಭಾವಿಸಿದೆ. ತಪ್ಪು ಎಣಿಕೆ. ತಟ್ಟೆ ಕೆಳಗಿಟ್ಟು ಅವರು ಕೇಳಿದ್ದೇ ಬೇರೆ.

“ಈ ಗುರುತು ನನ್ನದಕ್ಕೆ ಮಾತ್ರಾನಾ, ಎಲ್ಲರದಕ್ಕೂನಾ?”

“ಎಲ್ಲರದಕ್ಕೂ.”

“ಟೈಲ್ಸ್‌ನವನದಕ್ಕೂ? ನನ್ನ ಅಕ್ಕನ ಸೀರೆ ಅಂಗಡಿಗೂ?”

“ಒಂದನ್ನೂ ಬಿಡುವಂತಿಲ್ಲ.”

“ಇವನು ನಮಗೆ ತಿರುಗಿ ಕೊಟ್ಟದ್ದಕ್ಕೆ?”

“ಅದಕ್ಕೂ.”

“ಹಾಗೆ ಹೇಳಿ ಮತ್ತೆ! ಇಷ್ಟೊತ್ತು ಭಾಷಣ ಯಾಕೆ ಮಾಡಿದ್ರಿ?” ಎಂದವರೇ ವಡೋದರಾದ ಸೋದರಳಿಯನಿಗೆ ಫೋನ್ ಹಚ್ಚಿದರು. “ಏಯ್ ಭಾಣಾ, ಕೇಳು. ಆ ಗುರುತು ಎಲ್ಲರಿಗೂ ಒಂದೇ ಸಲ ಹಾಕು. ಒಬ್ಬರಿಗೆ ಮೊದಲು ಒಬ್ಬರಿಗೆ ಆಮೇಲೆ ಅಂತ ಬೇಡ. ನಾನು ಗ್ರೂಪ್‌ನಲ್ಲಿ ಎಲ್ಲರಿಗೂ ಹೇಳ್ತೀನಿ. ಹಾಂ, ನಂದಕ್ಕೂ ಹಾಕು. ನಂದಕ್ಕೇ ಹಾಕಲಿಲ್ಲ ಅಂದ್ರೆ ನಿನ್ನ ಮಾಮಿ ಕಡೆಯವರು ಸುಮ್ಮನೆ ಬಿಡ್ತಾರಾ?”

ಫೋನ್ ಇಟ್ಟು ಗಿರಾಕಿಯ ಕಡೆ ತಿರುಗಿದರು. “ಕೋಣೆ ಮಾತು ಮಾತೇ. ದಿವಾಳಿವರೆಗೆ.”

ಆ ಮಧ್ಯಾಹ್ನ ಉಳಿದ ಹೊತ್ತನ್ನು ಗಿರಾಕಿಯ ಬೆಂಚಿನ ಪಕ್ಕ ಕಳೆದೆ. ಚಕ್ರ ಕೆಟ್ಟಿದೆಯೆಂದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಆತ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಆನಿಸಿದ. “ಕೇಳಿ ಮಾಸಿ. ಗರಗರ ಅಂದ್ರೆ ಬೇರಿಂಗ್. ಠಪ್ ಠಪ್ ಅಂದ್ರೆ ಬೆಲ್ಟ್. ಏನೂ ಸದ್ದಿಲ್ಲ, ಆದ್ರೂ ಗೆರೆ ಬೀಳ್ತಿದೆ ಅಂದ್ರೆ ಮಾತ್ರ ಚಕ್ರ. ಅರ್ಧ ಜನ ಬೆಲ್ಟ್ ಬದಲಾಯಿಸೋದು ಬಿಟ್ಟು ಚಕ್ರ ಕಳಿಸ್ತಾರೆ.” ಅದನ್ನೆಲ್ಲ ಆತ ಹೇಳಿದ ಹಾಗೇ ಗುಜರಾತಿಯಲ್ಲಿ, ಹಿಂದಿಯಲ್ಲಿ ಬರೆದು ಅವನ ಪುಟಕ್ಕೆ ಹಾಕಿದೆವು. ‘ಅತ್ಯುತ್ತಮ’ ಎಂಬ ಪದ ಒಂದೂ ಇರಲಿಲ್ಲ. ಬರೆದದ್ದನ್ನು ಓದಿ ಆತ ಪೆಚ್ಚಾದ. “ಇದನ್ನ ಓದಿದ್ರೆ ಅವರೇ ರಿಪೇರಿ ಮಾಡಿಕೊಳ್ತಾರಲ್ಲ ಮಾಸಿ?”

ಎರಡನೆಯ ವಿನಂತಿಯನ್ನು ನಾನು ಸರಳ ಇಂಗ್ಲಿಷಿನಲ್ಲಿ ಬರೆದೆ. ನೆಂಟರು ಕೊಟ್ಟದ್ದು, ನಮ್ಮಲ್ಲಿ ಹೀಗೊಂದು ಕೊಡುಕೊಳ್ಳುವ ರೂಢಿಯಿದೆ, ಯಾರಿಗೂ ಬೇಸರವಾಗದಿರಲೆಂದು ಒಂದೇ ವಾಕ್ಯ ಹಾಕಿದರು, ಈಗ ಎಲ್ಲರಿಗೂ ತಿಳಿಸಿ ಎಲ್ಲಕ್ಕೂ ಗುರುತು ಹಾಕಿದ್ದೇವೆ. ಹಿಂದಿನ ಪತ್ರದಲ್ಲಿ ಸಲಹೆಗಾರ ಲಿಂಕು ಕೊಂಡನೆಂದು ಬರೆದದ್ದು ಸರಿಯಲ್ಲ. ಒಡತಿ ಓದಿ ತಲೆ ಕೆರೆದುಕೊಂಡಳು. “ಇಂಥಾ ಪತ್ರ ಯಾರೂ ಬರದಿರಲಿಕ್ಕಿಲ್ಲ. ಕಳಸ್ರಿ.”

ದೀಪಾವಳಿಗೆ ಸ್ವಲ್ಪ ಮುಂಚೆ ದಂಡನೆ ತೆರವಾಯಿತೆಂದು ಉತ್ತರ ಬಂತು. ಒಂದೇ ಸಾಲು. ಪತ್ರ ಒಪ್ಪಿಗೆಯಾಯಿತೋ, ಗುರುತು ಒಪ್ಪಿಗೆಯಾಯಿತೋ ಹೇಳಿರಲಿಲ್ಲ. ಗಿರಾಕಿಗೆ ಸುದ್ದಿ ಮುಟ್ಟಿಸಿದೆ. ಆತ ಖುಷಿಯಿಂದ ಹುಡುಕಿ ನೋಡಿ ಮತ್ತೆ ಫೋನ್ ಮಾಡಿದ.

“ಮಾಸಿ, ಶಿಕ್ಷೆ ಮುಗೀತು ಅಂದ್ರಿ. ಮೂರನೇ ಪುಟದಲ್ಲಿದ್ದೀನಿ. ನನ್ನ ಹಳೇ ಜಾಗ ಎಲ್ಲಿ?”

ಆ ಜಾಗ ನೆಂಟರು ಎತ್ತಿ ಹಿಡಿದದ್ದು, ಅವರು ಕೈ ಬಿಟ್ಟ ಮೇಲೆ ನೀನು ನಿಂತಿರುವ ನೆಲ ಇದೇ ಎಂದು ಹೇಳಬೇಕಾಯಿತು. “ಚಾಲ್ಶೆ,” ಎಂದ ಆತ. ನಡೆಯುತ್ತೆ ಬಿಡಿ, ಎಂದು. ನಡೆಯುತ್ತದೆಂದು ಆತನೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ.

ಆ ದಿನಗಳಲ್ಲಿ ಭಾವನಗರದಿಂದ ಒಬ್ಬ ಅಪರಿಚಿತ ಆತನಿಗೆ ಕರೆ ಮಾಡಿ, ಸದ್ದಿನ ಬಗ್ಗೆ ಬರೆದದ್ದನ್ನು ಓದಿದೆ, ನನ್ನದು ಠಪ್ ಠಪ್ ಅನ್ನುತ್ತಿದೆ ಎಂದನಂತೆ. ಇವನು ಫೋನಿನಲ್ಲೇ ಬೆಲ್ಟು ಬಿಚ್ಚಿಸಿ ಹಾಕಿಸಿದ. ಸರಿಹೋಯಿತು. ಕೆಲಸ ಬರಲಿಲ್ಲ. “ಹೇಳಿದ್ನಲ್ಲ ಮಾಸಿ!” ಎಂದು ನನ್ನನ್ನೇ ಬೈದ.

ದೀಪಾವಳಿಯ ಮರುದಿನದ ಗುಜರಾತಿ ಹೊಸವರ್ಷ ಕಳೆದ ಮೇಲೆ ಆತನ ಪುಟಕ್ಕೆ ಇನ್ನಷ್ಟು ಚಿತ್ರ ಬೇಕೆಂದು ನಾನು ಮತ್ತೆ ಸೂರತ್‌ಗೆ ಹೋದೆ. ವರಾಛಾ ಗುರುತೇ ಸಿಗದಷ್ಟು ಖಾಲಿಯಾಗಿತ್ತು. ಕಾರಿಗರೆಲ್ಲ ಬಸ್ಸು ಹಿಡಿದು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗಿದ್ದರು. ಯಾವ ಮಹಡಿಯಿಂದಲೂ ಸದ್ದಿಲ್ಲ. ಗಿರಾಕಿಯ ಕೋಣೆಯಲ್ಲಿ ರಿಪೇರಿಗೆ ಬಂದ ಚಕ್ರಗಳು ಒಂದು ಗೋಡೆಯ ಅರ್ಧದಷ್ಟಿದ್ದವು. ಕಾಕಾ ಮತ್ತು ಅವರ ಮಗ ಎಂಬ್ರಾಯ್ಡರಿ ಮಷಿನ್ನಿಗೆ ಜಾಗ ನೋಡಲು ಅಳತೆ ಟೇಪು ಹಿಡಿದು ಬಂದಿದ್ದರು. ಮಗ ಒಂದು ತುದಿ, ಕಾಕಾ ಇನ್ನೊಂದು ತುದಿ. ಗಿರಾಕಿ ತಾನೇ ಬೆಂಚು ಸರಿಸಿ ಅವರಿಗೆ ಜಾಗ ಮಾಡಿಕೊಡುತ್ತಿದ್ದ.

ಆಗ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತ. ಧೂಳು ಹಿಡಿದ ಬಟ್ಟೆ, ರಾತ್ರಿಯಿಡೀ ಟೆಂಪೋದಲ್ಲಿ ಕೂತು ಬಂದ ಮುಖ. ಹಳೆಯ ಹೊದಿಕೆಯಲ್ಲಿ ಸುತ್ತಿದ ಭಾರದ ಗಂಟನ್ನು ಹೊಸ್ತಿಲ ಮೇಲಿಟ್ಟ.

“ಬೆಲ್ಟ್ ನೋಡು ಅಂತ ಫೋನಲ್ಲಿ ಹೇಳಿದ ಭಾಯ್ ಇಲ್ಲೇನಾ ಇರೋದು?”

ಗಿರಾಕಿ ಹೌದೆಂದು ತಲೆಯಾಡಿಸಿದ.

“ಅದು ಸರಿಯಾಯ್ತು. ಇದು ಬೇರೆ. ಇದರಲ್ಲಿ ಸದ್ದೇ ಇಲ್ಲ, ಆದ್ರೂ ಗೆರೆ. ನೀವು ಬರೆದಿದ್ರಲ್ಲ, ಆಗ ಮಾತ್ರ ಚಕ್ರ ಅಂತ. ಹೊರಗೆ ಟೆಂಪೋದಲ್ಲಿ ಇನ್ನೂ ಇವೆ. ನಮ್ಮ ಗಲ್ಲಿಯವರದ್ದೂ ಹಾಕ್ಕೊಂಡು ಬಂದೆ.”

ಕಾಕಾ ಟೇಪಿನ ತುದಿ ಹಿಡಿದೇ ಆತನನ್ನು ಮೇಲಿಂದ ಕೆಳಗೆ ನೋಡಿದರು. “ಯಾರ ಕಡೆಯವರು ನೀವು? ಯಾರು ಕಳಿಸಿದ್ರು?”

“ಯಾರೂ ಇಲ್ಲ ಬಾಪಾ. ಓದಿ ಬಂದೆ.”

“ಓದಿ ಅಂದ್ರೆ? ಯಾರೋ ಹೇಳಿರಬೇಕಲ್ಲ. ಭಾವನಗರದಲ್ಲಿ ನಮ್ಮವರು ಯಾರಾದ್ರೂ...”

“ನಿಮ್ಮವರು ಯಾರೂ ನನಗೆ ಗೊತ್ತಿಲ್ಲ ಬಾಪಾ.”

ಕಾಕಾ ನನ್ನ ಕಡೆ ನೋಡಿದರು. ವಿವರಿಸಬಲ್ಲೆ ಎಂದು ಅವರು ಎಣಿಸಿರಬೇಕು. ನಾವು ಬಿಳಿ ಅಕ್ಷರ ತೆಗೆದಿದ್ದೆವು, ಶೀರ್ಷಿಕೆ ತಿದ್ದಿದ್ದೆವು, ಗುರುತು ಹಾಕಿದ್ದೆವು, ಸದ್ದಿನ ಬಗ್ಗೆ ಬರೆದಿದ್ದೆವು. ಮೂರನೆಯ ಪುಟದವರೆಗೆ ತಾಳ್ಮೆಯಿಂದ ಹುಡುಕುವ ಒಬ್ಬ ಮನುಷ್ಯ ಭಾವನಗರದಲ್ಲಿ ಇದ್ದ. ಇವುಗಳಲ್ಲಿ ಯಾವುದು ಈ ಗಂಟನ್ನು ಹೊಸ್ತಿಲಿಗೆ ತಂದಿತು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಗಿರಾಕಿ ಆಗಲೇ ಗಂಟು ಬಿಚ್ಚಿ, ಚಕ್ರವನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಎಳೆಯುತ್ತಿದ್ದ. ಕಾಕಾ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ಟೇಪಿನ ತುದಿ ಬಿಟ್ಟರು. ಅದು ಸರ್ರನೆ ಸುರುಳಿಯಾಗಿ ಮಗನ ಕೈಗೆ ಬಡಿಯಿತು.

“ಕೈ ಏನು ನೋಡ್ಕೋತೀಯ,” ಎಂದರು ಮಗನಿಗೆ. “ಹೋಗು, ಟೆಂಪೋದಿಂದ ಇಳಿಸು. ಒಬ್ಬನೇ ಹೊರಬೇಡ, ಭಾರ ಇರತ್ತೆ.”